ಹೊರಗಿನ 56ಕೆ ಮೋಡೆಮ್, ಲಿನಕ್ಸ್ ಜೊತೆ: ವರ್ಷಗಳ ಬಳಕೆಯ ನಂತರ

ಫೋನ್ ಲೈನಿನ ಮೂಲಕ ಇಂಟರ್ನೆಟ್‌ಗೆ ಸೇರಿಸುವ ಈ ಮೋಡೆಮ್‌ನ ವೇಗದ ಮಾನದಂಡಗಳು ವಿ.90, ವಿ.92 ಅಂತ ಡಬ್ಬದ ಮೇಲೇ ಬರೆದಿದೆ, ಅದನ್ನು ಮತ್ತೆ ಹೇಳುವುದಿಲ್ಲ. ನನಗೆ ಹೇಳಬೇಕಾದದ್ದು ಇದರ ಮುಂಭಾಗದಲ್ಲಿ ಸಾಲಾಗಿ ಉರಿಯುವ ಪುಟ್ಟ ಕೆಂಪು ದೀಪಗಳ ಬಗ್ಗೆ.

ಮೊದಲು ಕಂಪ್ಯೂಟರಿನೊಳಗೆ ಕೂರುವ ವಿನ್‌ಮೋಡೆಮ್ ಇತ್ತು. ಅಗ್ಗ, ಯಾಕೆಂದರೆ ಅದರಲ್ಲಿರುವುದು ಅರ್ಧ ಮೋಡೆಮ್. ಉಳಿದ ಕೆಲಸ ಸಿಪಿಯು ಮಾಡಬೇಕು, ಅದಕ್ಕೆ ಬೇಕಾದ ಡ್ರೈವರ್ ಹೆಚ್ಚಾಗಿ ವಿಂಡೋಸ್‌ಗೆ ಮಾತ್ರ ಸಿಗುತ್ತದೆ. ಲಿನಕ್ಸ್‌ಗೆ ಹೇಗೋ ಹುಡುಕಿ ಹಾಕಿಕೊಂಡರೂ ಕರ್ನಲ್ (ಲಿನಕ್ಸ್‌ನ ತಿರುಳು) ಬದಲಾದಾಗಲೆಲ್ಲ ಡ್ರೈವರನ್ನು ಮತ್ತೆ ಕಂಪೈಲ್ ಮಾಡಬೇಕು. ಸಾಕಾಗಿತ್ತು.

ಸೀರಿಯಲ್ ಪೋರ್ಟಿಗೆ ಹಾಕುವ ಈ ಮೋಡೆಮ್‌ಗೆ ಡ್ರೈವರೇ ಬೇಡ. ವಿಂಡೋಸಿನಲ್ಲಿ ಕಾಮ್1 ಅನ್ನುವ ಪೋರ್ಟಿಗೆ ಲಿನಕ್ಸ್‌ನಲ್ಲಿ ಹೆಸರು ಟಿಟಿವೈಎಸ್0. ಮೋಡೆಮ್ ಜೊತೆ ನೇರ ಮಾತಾಡುವ ಮಿನಿಕಾಮ್ ಪ್ರೋಗ್ರಾಂ ತೆರೆದು 'ಎಟಿ' ಅಂತ ಒತ್ತಿ, 'ಓಕೆ' ಬಂದರೆ ಅರ್ಧ ಕೆಲಸ ಮುಗಿಯಿತು. ಪೋರ್ಟೇ ತೆರೆಯದಿದ್ದರೆ ನಿಮ್ಮ ಹೆಸರು ಪೋರ್ಟ್ ಬಳಸಲು ಅನುಮತಿ ಇರುವ ಡಯಲ್‌ಔಟ್ ಗುಂಪಿನಲ್ಲಿದೆಯಾ ನೋಡಿ. ಉಳಿದದ್ದನ್ನು ಡಬ್ಲ್ಯುವಿಡಯಲ್‌ಕಾನ್ಫ್ ಅನ್ನುವ ಪ್ರೋಗ್ರಾಂ ತಾನೇ ಬರೆದುಕೊಳ್ಳುತ್ತದೆ. ಫೋನ್ ನಂಬರ್, ಹೆಸರು, ಪಾಸ್‌ವರ್ಡ್ ಮಾತ್ರ ನಾವು ತುಂಬಬೇಕು.

ಡಯಲ್ ಮಾಡುವ ಪ್ರೋಗ್ರಾಂ ಡಬ್ಲ್ಯುವಿಡಯಲ್ ಓಡಿಸಿದೊಡನೆ 'ಓಎಚ್' ದೀಪ ಹತ್ತುತ್ತದೆ, ಅಂದರೆ ಫೋನ್ ಎತ್ತಿದ ಹಾಗೆ. ಡಯಲ್ ಟೋನ್, ನಂಬರಿನ ಪೀಂ ಪೀಂ, ಆಮೇಲೆ ಆ ಕಿರಿಚಾಟ. ಆ ಕಡೆಯ ಮೋಡೆಮ್ ಜೊತೆ ಸಂಪರ್ಕ ಆಯಿತು ಅನ್ನುವ 'ಸಿಡಿ' ದೀಪ ಹತ್ತಿತೋ, ಸ್ಪೀಕರ್ ಗಪ್‌ಚುಪ್. ಮೋಡೆಮ್‌ಗೆ 'ಎಂ0' ಆಜ್ಞೆ ಕೊಟ್ಟು ಸದ್ದನ್ನು ಪೂರ್ತಿ ನಿಲ್ಲಿಸಬಹುದು. ನಾನು 'ಎಲ್1' ಹಾಕಿ ಮೆಲ್ಲಗೆ ಇಟ್ಟುಕೊಂಡಿದ್ದೇನೆ. ಲೈನ್ ಬ್ಯುಸಿ ಇದೆಯಾ, ಆ ಕಡೆ ಯಾರೋ ಮನುಷ್ಯರು ಎತ್ತಿ 'ಹಲೋ' ಅಂತಿದ್ದಾರಾ, ಕಿವಿಗೇ ಗೊತ್ತಾಗುತ್ತದಲ್ವಾ!

ಇಷ್ಟರವರೆಗೆ ಖುಷಿ. ಸಿಟ್ಟು ಬರುವುದು ಕನೆಕ್ಟ್ ಆದ ಮೇಲೆ. ಐಪಿ ವಿಳಾಸ ಬಂದಿದೆ, ಡಬ್ಲ್ಯುವಿಡಯಲ್ ಎಲ್ಲ ಸರಿ ಅನ್ನುತ್ತದೆ, ಒಂದು ಪುಟವೂ ತೆರೆಯುವುದಿಲ್ಲ. ಫೋನ್ ಲೈನಿನ ಮೇಲೆ ಇಂಟರ್ನೆಟ್ ಸಂಪರ್ಕ ನಡೆಸುವ ಪಿಪಿಪಿಡಿ ಅನ್ನುವ ಪ್ರೋಗ್ರಾಂ ಸುಮ್ನೆ ಲಾಗ್‌ನಲ್ಲಿ ಒಂದು ಸಾಲು ಗೀಚಿ ಕೈತೊಳೆದುಕೊಂಡಿರುತ್ತದೆ: ಈಗಾಗಲೇ ಇರುವ ಡಿಫಾಲ್ಟ್ ರೂಟ್ (ಹೊರಗೆ ಹೋಗುವ ಪ್ಯಾಕೆಟ್ಟುಗಳ ಮಾಮೂಲಿ ದಾರಿ) ಬದಲಿಸುವುದಿಲ್ಲ ಅಂತ. ಅದನ್ನು ತೆರೆಯ ಮೇಲೇ ಹೇಳಿದರೆ ಏನು ಗಂಟು ಹೋಗುತ್ತಿತ್ತು?

ದೀಪಗಳು ಜಾಸ್ತಿ ಪ್ರಾಮಾಣಿಕ. ಹೊರಗಿನ ಯಾವುದಾದರೂ ಐಪಿಗೆ ಪಿಂಗ್ ಮಾಡಿ (ಉತ್ತರ ಬರುತ್ತದಾ ಅಂತ ಪ್ಯಾಕೆಟ್ಟು ಕಳಿಸಿ) ಡೇಟಾ ಕಳಿಸುವಾಗ ಮಿನುಗುವ 'ಎಸ್‌ಡಿ' ದೀಪ ನೋಡಿ. ಮಿನುಗಲೇ ಇಲ್ಲವೇ? ಪ್ಯಾಕೆಟ್ಟುಗಳು ಮೋಡೆಮ್ ಕಡೆ ಬರುತ್ತಲೇ ಇಲ್ಲ, ಈಥರ್‌ನೆಟ್ ಕಡೆ ಹೋಗುತ್ತಿವೆ. ಹಳೆಯ ಡಿಫಾಲ್ಟ್ ರೂಟ್ ತೆಗೆದು ಮತ್ತೆ ಡಯಲ್ ಮಾಡಿ. 'ಎಸ್‌ಡಿ', ಡೇಟಾ ಬರುವಾಗ ಮಿನುಗುವ 'ಆರ್‌ಡಿ' ಎರಡೂ ಮಿನುಗಿ ಪಿಂಗ್ ಉತ್ತರ ಬರುತ್ತಿದೆ, ಆದರೆ ಹೆಸರು ಕೊಟ್ಟರೆ ಮಾತ್ರ ಆಗುತ್ತಿಲ್ಲ ಅಂದರೆ ತೊಂದರೆ ಹೆಸರನ್ನು ಐಪಿ ವಿಳಾಸಕ್ಕೆ ಬದಲಿಸುವ ಡಿಎನ್‌ಎಸ್‌ನದು. ಪಿಪಿಪಿಡಿಗೆ 'ಯೂಸ್‌ಪಿಯರ್‌ಡಿಎನ್‌ಎಸ್' ಕೊಟ್ಟಿದ್ದೀರಾ, ಬಂದ ಡಿಎನ್‌ಎಸ್ ವಿಳಾಸ ರಿಸಾಲ್ವ್.ಕಾನ್ಫ್ ಫೈಲಿಗೆ ಸೇರಿದೆಯಾ ನೋಡಿ. ಇದನ್ನು ಕಲಿತ ಮೇಲೆ ಪಿಪಿಪಿಡಿ ಮೇಲಿನ ಸಿಟ್ಟೂ ಇಳಿಯಿತು. ಇರುವ ದಾರಿಯನ್ನು ಕೇಳದೆ ಕಿತ್ತುಹಾಕಿದ್ದರೆ ಆಗಲೂ ಬೈಯುತ್ತಿದ್ದೆ.

ವೇಗದ ಬಗ್ಗೆ ಒಂದೇ ಮಾತು: ವಿ.90ರಲ್ಲಿ ಕಳಿಸುವ ವೇಗ ಸೆಕೆಂಡಿಗೆ 33.6 ಕಿಲೋಬಿಟ್ ದಾಟುವುದಿಲ್ಲ. ದೊಡ್ಡ ಫೈಲು ಅಪ್‌ಲೋಡ್ ಮಾಡುವವರು ಈ ಕಡೆ ತಲೆ ಹಾಕಬೇಡಿ. ನನಗೆ ಮೇಲ್ ಮತ್ತು ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಲಾಗಿನ್ ಆಗುವುದು) ಸಾಕು.

ಯುಎಸ್‌ಬಿಯದೇ ಬೇಕು ಅನ್ನುವವರು ಅದು ಲಿನಕ್ಸ್‌ನಲ್ಲಿ ಟಿಟಿವೈಎಸಿಎಂ0 ಅನ್ನುವ ಪೋರ್ಟಾಗಿ ಕಾಣಿಸುತ್ತದಾ ವಿಚಾರಿಸಿ ತಗೊಳ್ಳಿ. ಇಲ್ಲದಿದ್ದರೆ ಮತ್ತೆ ವಿನ್‌ಮೋಡೆಮ್ ಗೋಳೇ.

ನಾಲ್ಕು ಸ್ಟಾರ್. ಐದನೆಯದು ಅಡಾಪ್ಟರ್ ತಿಂದಿತು. ಅದೆಷ್ಟು ದಪ್ಪ ಅಂದರೆ ಪಕ್ಕದ ಸಾಕೆಟ್ಟಿಗೆ ಬೇರೇನೂ ಹಾಕಲು ಆಗುವುದಿಲ್ಲ.