ಅಡಿಕೆ ಮಂಡಿಯ ಲೆಕ್ಕಕ್ಕೆ ಕನ್ನಡದ ಪಾಠ: ಸ್ಪೋಕನ್ ಟ್ಯುಟೋರಿಯಲ್ ಬಳಸಿ ನೋಡಿದ ಮೇಲೆ

ಕಚೇರಿಯ ಸಿಬ್ಬಂದಿಗೆ ಸ್ಪ್ರೆಡ್‌ಶೀಟ್ ಕಲಿಸಲು ಯಾವ ಆನ್‌ಲೈನ್ ಪಾಠ ಒಳ್ಳೆಯದು ಎಂದು ಕೇಳುವವರಿಗೆ ನಾನು ಹೇಳುವುದು ಒಂದೇ ಹೆಸರು, ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’. ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಸಹಕಾರ ಸಂಘದಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನು ನಾನು. ಸಿಬ್ಬಂದಿಯ ತರಬೇತಿಯೂ ನನ್ನ ಪಾಲಿಗೇ ಬಂದಿದೆ. ಇದಕ್ಕೂ ಮೊದಲು ಹಣ ಕೊಟ್ಟು ಒಂದು ಖಾಸಗಿ ಆ್ಯಪ್ ತೆಗೆದುಕೊಂಡಿದ್ದೆವು. ಪಾಠವೆಲ್ಲ ಇಂಗ್ಲಿಷಿನಲ್ಲಿ, ಲೆಕ್ಕವೆಲ್ಲ ಡಾಲರಿನಲ್ಲಿ. ವಿಡಿಯೊ ಕೊನೆಯವರೆಗೆ ಓಡಿದರೆ ಸಾಕು, ಪ್ರಮಾಣಪತ್ರ ಬರುತ್ತಿತ್ತು. ಮರುದಿನ ಕಂಪ್ಯೂಟರಿನ ಮುಂದೆ ಕುಳಿತರೆ ಯಾರಿಗೂ ಕೈ ಓಡುತ್ತಿರಲಿಲ್ಲ.

ಸ್ಪೋಕನ್ ಟ್ಯುಟೋರಿಯಲ್‌ನ ಪಾಠಗಳು ಹತ್ತು ನಿಮಿಷದ ಆಸುಪಾಸಿನವು. ವಿವರಣೆ ಕನ್ನಡದಲ್ಲಿ, ಶುಲ್ಕವಿಲ್ಲ. ಪರದೆಯನ್ನು ಎರಡು ಪಾಲು ಮಾಡಿ ಒಂದು ಕಡೆ ಪಾಠ, ಇನ್ನೊಂದು ಕಡೆ ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ತಂತ್ರಾಂಶ ತೆರೆದುಕೊಳ್ಳಬೇಕು. ಸ್ವಲ್ಪ ನೋಡಿ, ಅಲ್ಲಿಗೇ ನಿಲ್ಲಿಸಿ, ನೋಡಿದ್ದನ್ನು ಕೈಯಾರೆ ಮಾಡಿ ಮುಂದಕ್ಕೆ ಹೋಗಬೇಕು. ಈ ಕ್ರಮವನ್ನು ಬಿಟ್ಟು ಬರೀ ನೋಡುತ್ತಾ ಹೋದರೆ ಇದೂ ಆ ಆ್ಯಪ್‌ನಂತೆಯೇ ಆಗುತ್ತದೆ.

ನಮ್ಮ ಹಿರಿಯ ಗುಮಾಸ್ತರು ಅಡಿಕೆಯ ಬಗೆಗಳಾದ ರಾಶಿ, ಬೆಟ್ಟೆ, ಸರಕು, ಗೊರಬಲು ಯಾವುದೆಂದು ನೋಡಿದ ಕೂಡಲೇ ಹೇಳಬಲ್ಲವರು. ಆದರೆ ಪಟ್ಟಿ ಮಾಡುವಾಗ ತೂಕವನ್ನೂ ದರವನ್ನೂ ಕ್ಯಾಲ್ಕುಲೇಟರಿನಲ್ಲಿ ಗುಣಿಸಿ, ಬಂದ ಮೊತ್ತವನ್ನು ಕಂಪ್ಯೂಟರಿಗೆ ಹೊಡೆಯುತ್ತಿದ್ದರು. ಸೂತ್ರಗಳ ಪಾಠ ಆದ ಮೇಲೆ ಅವರಿಂದ ನಮ್ಮದೇ ಮಂಡಿಯ ಹಾಳೆ ತೆರೆಸಿದೆ. ಕೆಜಿ ತೂಕವನ್ನು ಕ್ವಿಂಟಾಲ್ ದರದಿಂದ ಗುಣಿಸಿ ನೂರರಿಂದ ಭಾಗಿಸುವ ಸೂತ್ರವನ್ನು ಮೊದಲ ಸಾಲಿಗೆ ಅವರೇ ಬರೆದರು. ಆ ಚೌಕದ ಕೆಳಗಿನ ಬಲಮೂಲೆಯ ಚಿಕ್ಕ ಗುರುತನ್ನು ಹಿಡಿದು ಕೆಳಗೆ ಎಳೆದಾಗ ಅಷ್ಟೂ ಲಾಟುಗಳ ಮೊತ್ತ ತುಂಬಿಕೊಂಡಿತು. ನಂಬಿಕೆ ಬಾರದೆ ಕ್ಯಾಲ್ಕುಲೇಟರ್ ತೆಗೆದು ಕೆಲವು ಸಾಲು ತಾಳೆ ನೋಡಿದರು. ಆಮೇಲೆ ಒಂದು ಲಾಟಿನ ದರ ತಿದ್ದಿ, ಮೊತ್ತ ತಾನಾಗಿಯೇ ಬದಲಾದದ್ದನ್ನು ಕಂಡು, “ಹಮಾಲಿಯನ್ನೂ ಹೀಗೇ ಕಳೆಯಬಹುದಲ್ಲವೇ?” ಎಂದು ಕೇಳಿದರು. ಪಾಠದಲ್ಲಿ ಹಮಾಲಿಯ, ಅಂದರೆ ಮೂಟೆ ಹೊರುವ ಕೂಲಿಯ, ಮಾತೇ ಇಲ್ಲ. ಕೆಲಸ ಬಲ್ಲವರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿಕೊಟ್ಟರೆ ಮುಂದಿನ ಹೆಜ್ಜೆ ಅವರಿಗೇ ಹೊಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಬೇಕಿಲ್ಲ.

ಮಾತು ಕನ್ನಡವಾದರೂ ಪರದೆಯ ಮೇಲಿನ ಮೆನು ಇಂಗ್ಲಿಷಿನದೇ. ನಾನು ಇದನ್ನು ಕೊರತೆ ಎನ್ನುವುದಿಲ್ಲ; ನಮ್ಮ ಕಚೇರಿಯ ಕಂಪ್ಯೂಟರಿನಲ್ಲೂ ಅದೇ ಮೆನು ಇರುವುದರಿಂದ ‘ಫಾರ್ಮ್ಯಾಟ್’ ಎಲ್ಲಿದೆ, ‘ಇನ್ಸರ್ಟ್’ ಎಲ್ಲಿದೆ ಎಂದು ಹುಡುಕಾಡಬೇಕಾಗುವುದಿಲ್ಲ. ಕೆಲವು ಪಾಠಗಳು ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ತಯಾರಾದವು. ಅಂಥ ಕಡೆ ಗೊತ್ತಿರುವವರೊಬ್ಬರು ಪಕ್ಕದಲ್ಲಿದ್ದರೆ ಒಳ್ಳೆಯದು.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವಂತಿಲ್ಲ. ಪಾಠಗಳನ್ನು ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಬಹುದಾದ್ದರಿಂದ ಕಲಿಕೆ ನಿಲ್ಲಲಿಲ್ಲ. ಮಲೆನಾಡಿನ ಕಚೇರಿಗಳಿಗೆ ಈ ಒಂದು ಸೌಲಭ್ಯವೇ ದೊಡ್ಡದು.

2003ರಿಂದ ನಡೆಯುತ್ತಿರುವ ಐಐಟಿಗಳ ಆನ್‌ಲೈನ್ ಪಾಠಯೋಜನೆ ಎನ್‌ಪಿಟಿಇಎಲ್, 2017ರಲ್ಲಿ ಬಂದ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ತಾಣ ‘ಸ್ವಯಂ’ ಕೂಡ ಒಳ್ಳೆಯವೇ. ಎಂಜಿನಿಯರಿಂಗ್ ಓದುವ ಮಕ್ಕಳಿಗೆ ನಾನು ಅವನ್ನೇ ಹೇಳುತ್ತೇನೆ. ವಾರಗಟ್ಟಲೆ ನಡೆಯುವ ಕಾಲೇಜು ಮಟ್ಟದ ಆ ಕೋರ್ಸುಗಳು ಮಂಡಿಯ ಗುಮಾಸ್ತರ ಅಗತ್ಯಕ್ಕೆ ಹೊಂದುವುದಿಲ್ಲ, ಅಷ್ಟೇ.

ಸಂಘಗಳ ಆಡಳಿತ ಮಂಡಳಿಯವರಲ್ಲಿ ನನ್ನದೊಂದು ವಿನಂತಿ ಇದೆ. ‘ಮನೆಗೆ ಹೋಗಿ ಮೊಬೈಲಿನಲ್ಲಿ ನೋಡಿಕೊಳ್ಳಿ’ ಎಂದು ದಯವಿಟ್ಟು ಹೇಳಬೇಡಿ. ಇದು ಕಂಪ್ಯೂಟರಿನ ಮುಂದೆ ಕುಳಿತು ಮಾಡುತ್ತಾ ಕಲಿಯುವ ಪಾಠ. ಮನೆಯಲ್ಲಿ ಹಟ್ಟಿ, ತೋಟದ ಕೆಲಸ ಕಾದಿರುವವರಿಗೆ ರಾತ್ರಿ ಅದು ಸಾಧ್ಯವಿಲ್ಲ. ಕಚೇರಿಯ ವೇಳೆಯಲ್ಲೇ ದಿನಕ್ಕೊಂದು ಪಾಠಕ್ಕೆ ಬಿಡುವು ಕೊಡಿ, ಒಬ್ಬೊಬ್ಬರಿಗೆ ಒಂದು ಹೆಡ್‌ಫೋನ್ ಕೊಡಿಸಿ. ಕೊಯ್ಲು ಶುರುವಾದರೆ ಯಾರಿಗೂ ಪುರುಸೊತ್ತಿರುವುದಿಲ್ಲ, ಆದ್ದರಿಂದ ಮಳೆಗಾಲದಲ್ಲೇ ಆರಂಭಿಸಿ. ಕ್ಯಾಲ್ಕ್ ಮುಗಿದ ಮೇಲೆ ಸಭೆಯ ನೋಟಿಸು, ನಡಾವಳಿ ಬರೆಯಲು ಲಿಬ್ರೆಆಫೀಸಿನದೇ ಆದ ರೈಟರ್ ತಂತ್ರಾಂಶದ ಪಾಠಗಳೂ ಅಲ್ಲೇ ಇವೆ.