ತೂಕ ನೋಡಿ ಫ್ಲೈವೀಲ್ ತೆಗೆದುಕೊಳ್ಳಬೇಡಿ: ಒಂದು ಗೇರ್‌ಬಾಕ್ಸ್ ಇಳಿಸಿದಾಗ ಕಂಡದ್ದು

ಬದಿಯಡ್ಕ ಕಡೆಯಿಂದ ಬಂದ 1.3 ಲೀಟರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಒಂದರ ಗೇರ್‌ಬಾಕ್ಸ್ ಇಳಿಸಿದಾಗ ಒಳಗೆ ಏನು ಸಿಕ್ಕಿತು ಎಂದು ಇಲ್ಲಿ ಬರೆಯುತ್ತಿದ್ದೇವೆ. ಕಾಸರಗೋಡಿನಿಂದ ಮಂಗಳೂರಿನವರೆಗೆ ಗಾಡಿ ಮಾಡಿಫೈ ಮಾಡಿಸುವ ಹುಡುಗರು ತುಂಬ ಮಂದಿ ಇದ್ದಾರೆ. ಫ್ಲೈವೀಲ್ ಎಂದರೆ ಕ್ರ್ಯಾಂಕಿನ (ಎಂಜಿನ್ ತಿರುಗಿಸುವ ದಂಡದ) ಹಿಂತುದಿಗೆ ಕೂರಿಸಿದ ಭಾರದ ಚಕ್ರ, ಕ್ಲಚ್ ಒತ್ತುವುದು ಅದರ ಮುಖಕ್ಕೇ. ಎಂಜಿನ್ ಬೇಗ ರೆವ್ ಏರಲಿ ಎಂದು ಅದನ್ನು ಹಗುರ ಮಾಡಿಸುತ್ತಾರೆ. ನಮಗೆ ಸಿಕ್ಕಿದ ಜಾತಿಯ ಫ್ಲೈವೀಲ್ ಇನ್ನೂ ಎಷ್ಟು ಗಾಡಿಗಳಲ್ಲಿ ತಿರುಗುತ್ತಾ ಉಂಟೋ ಎಂಬ ಹೆದರಿಕೆ ನಮಗೆ.

ಬಂದ ದೂರು ದೊಡ್ಡದಾಗಿರಲಿಲ್ಲ. ಚೆರ್ಕಳ–ಜಾಲ್ಸೂರು ರಸ್ತೆಯ ಏರಿನಲ್ಲಿ ಕ್ಲಚ್ ಬಿಡುವಾಗ ಗಾಡಿ ದಡದಡ ಅದುರುತ್ತದೆ, 4,500 ಆರ್‌ಪಿಎಂ ದಾಟಿದರೆ ಗೇರ್ ಲಿವರ್ ಜುಮ್ಮೆನ್ನುತ್ತದೆ, ಮೂರನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದರೆ ಕ್ಲಚ್ ಜಾರುತ್ತದೆ. ಕ್ಲಚ್ ಪ್ಲೇಟ್, ಅದನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಎರಡೂ ಹೊಸತು, 7,000 ಕಿ.ಮೀ. ಕೂಡ ಆಗಿರಲಿಲ್ಲ. ಅದರ ಜೊತೆಗೇ ಕಂಪೆನಿಯ 6.2 ಕೆ.ಜಿ. ಫ್ಲೈವೀಲ್ ತೆಗೆದು, ಆನ್‌ಲೈನಿನಲ್ಲಿ ತರಿಸಿದ 3.4 ಕೆ.ಜಿ.ಯ 'ರೇಸಿಂಗ್ ಫೋರ್ಜ್ಡ್ ಕ್ರೋಮೋಲಿ' (ಕ್ರೋಮಿಯಂ, ಮಾಲಿಬ್ಡಿನಮ್ ಬೆರೆತ ಸ್ಟೀಲನ್ನು ಕಾಯಿಸಿ ಬಡಿದು ಮಾಡಿದ್ದು) ಫ್ಲೈವೀಲ್ ಕೂರಿಸಿದ್ದರು.

ಹೊರಗೆ ತೆಗೆದು ತಕ್ಕಡಿಗೆ ಇಟ್ಟರೆ 3.4 ಕೆ.ಜಿ.ಯೇ. ಹೇಳಿದ್ದರಲ್ಲಿ ಅದೊಂದೇ ನಿಜ.

ಕ್ಲಚ್ ಉಜ್ಜುವ ಮುಖದಲ್ಲಿ ಬೆರಳಗಲದ ನೀಲಿ ಕಲೆಗಳು ಆರೇಳು ಇದ್ದವು, ಅತಿಯಾಗಿ ಕಾದ ಗುರುತು. ತೂಕ ಇಳಿಸಲು ಅಂಚಿನ ಬಳಿ ಸುತ್ತಲೂ ತೂತು ಕೊರೆದಿದ್ದರು. ತೂತಿನ ಬಾಯಿಗೆ ಚ್ಯಾಂಫರ್ (ಅಂಚನ್ನು ಓರೆಯಾಗಿ ಕಡೆಯುವುದು) ಕೂಡ ಹೊಡೆದಿರಲಿಲ್ಲ, ಉಗುರು ಎಳೆದರೆ ಸಿಕ್ಕಿಹಾಕಿಕೊಳ್ಳುವಷ್ಟು ಚೂಪು. ಸಂಶಯ ಬಂದು, ಕಣ್ಣಿಗೆ ಕಾಣದ ಬಿರುಕು ತೋರಿಸುವ ಬಣ್ಣ, ಡೈ ಪೆನಿಟ್ರಂಟ್ ಹಚ್ಚಿದೆವು: ಮೊದಲು ಕೆಂಪು ಸ್ಪ್ರೇ, ಹತ್ತು ನಿಮಿಷ ಬಿಟ್ಟು ಒರೆಸಿ ಅದರ ಮೇಲೆ ಬಿಳಿ ಡೆವಲಪರ್. ಬಿಳಿ ಪುಡಿ ಒಣಗುತ್ತಾ ಬಂದ ಹಾಗೆ ಎರಡು ತೂತುಗಳ ಬದಿಯಿಂದ ಕೂದಲೆಳೆಯಷ್ಟು ಸಪೂರದ ಕೆಂಪು ಗೆರೆ ಎದ್ದು ಬಂತು. ಒಂದು 9 ಮಿ.ಮೀ., ಇನ್ನೊಂದು 14. ಎರಡೂ ಹೊರ ಅಂಚಿನ ಕಡೆಗೇ ಹೊರಟಿದ್ದವು.

ಅಂಚಿನ ಒಂದು ಮೂಲೆಗೆ ಗ್ರೈಂಡರ್ ತಾಗಿಸಿದರೆ ಮಂಕು ಕೆಂಪಿನ ಗಿಡ್ಡ ಕಿಡಿ. ಸ್ಟೀಲಾದರೆ ಉದ್ದಕ್ಕೆ ಹಾರಿ, ಹೊಳೆದು, ತುದಿಯಲ್ಲಿ ಸಿಡಿಯುವ ಕಿಡಿ ಬರಬೇಕು. ಡ್ರಿಲ್ ಹಾಕಿದರೆ ಸುರುಳಿ ಬರಲಿಲ್ಲ, ಕಪ್ಪು ಪುಡಿ ಉದುರಿ ಬೆರಳಿಗೆ ಮಸಿಯ ಹಾಗೆ ಹತ್ತಿತು. ಬೀಡು ಕಬ್ಬಿಣ ಅದು, ಎರಕ ಹೊಯ್ದದ್ದು. ಫೋರ್ಜಿಂಗೂ ಅಲ್ಲ, ಕ್ರೋಮೋಲಿಯೂ ಅಲ್ಲ. ಅಯಸ್ಕಾಂತ ಹಿಡಿದು ನೋಡಿ ಸ್ಟೀಲ್ ಎಂದು ನಂಬುವವರಿದ್ದಾರೆ, ಬೀಡಿಗೂ ಅದು ಅಂಟುತ್ತದೆ. ಹಗ್ಗದಲ್ಲಿ ತೂಗುಹಾಕಿ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಕೇಳುವುದು ಅದಕ್ಕಿಂತ ವಾಸಿ. ಸ್ಟೀಲ್ ಗಂಟೆಯ ಹಾಗೆ ಎಳೆದು ನುಡಿಯುತ್ತದೆ, ಬೀಡು ಠಪ್ಪೆಂದು ಅಲ್ಲಿಗೇ ನಿಲ್ಲುತ್ತದೆ.

ಇದರಲ್ಲಿ ಹೆದರುವಂಥದ್ದು ಎಂತ ಉಂಟು ಎಂದರೆ, ಲೆಕ್ಕ ನೋಡಿ. 260 ಮಿ.ಮೀ. ವ್ಯಾಸದ ಫ್ಲೈವೀಲ್ 6,500 ಆರ್‌ಪಿಎಂನಲ್ಲಿ ತಿರುಗುವಾಗ ಅದರ ಅಂಚು ಸೆಕೆಂಡಿಗೆ 88 ಮೀಟರ್, ಅಂದರೆ ಗಂಟೆಗೆ ಸುಮಾರು 318 ಕಿ.ಮೀ. ವೇಗದಲ್ಲಿ ಓಡುತ್ತಾ ಇರುತ್ತದೆ. ಅದನ್ನು ಸೀಳಲು ನೋಡುವ ಬಲ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ. 6,500ರಿಂದ 8,000ಕ್ಕೆ ಹೋದರೆ ಒಂದೂವರೆ ಪಟ್ಟು, 9,000ಕ್ಕೆ ಹೋದರೆ ಹತ್ತಿರ ಹತ್ತಿರ ಎರಡು ಪಟ್ಟು. ಎಂಜಿನ್ ಮಿತಿ ಮೀರಿ ಏರದಂತೆ ತಡೆಯುವ ರೆವ್ ಲಿಮಿಟರ್ ಇದೆಯಲ್ಲ ಎನ್ನಬೇಡಿ. ನಾಲ್ಕರಿಂದ ಮೂರಕ್ಕೆ ಹಾಕುವ ಬದಲು ಕೈತಪ್ಪಿ ಒಂದಕ್ಕೆ ಬಿದ್ದರೆ ಎಂಜಿನನ್ನು ತಿರುಗಿಸುವುದು ಚಕ್ರ, ಅಲ್ಲಿ ಲಿಮಿಟರ್‌ಗೆ ಕೆಲಸವೇ ಇಲ್ಲ. ಸಾಮಾನ್ಯ ಎಫ್‌ಜಿ 200 ದರ್ಜೆಯ ಬೀಡು 200 ಮೆಗಾಪಾಸ್ಕಲ್ ಎಳೆತಕ್ಕೆ ತುಂಡಾಗುತ್ತದೆ. ಲೇತ್ ಅಂಗಡಿಗಳಲ್ಲಿ ಇಎನ್19 ಎಂದು ಕರೆಯುವ ಕ್ರೋಮೋಲಿ, ಅಂದರೆ 4140 ಸ್ಟೀಲ್, ಹದ ಮಾಡಿದ ಮೇಲೆ 850ಕ್ಕೂ ಹೆಚ್ಚು ತಡೆಯುತ್ತದೆ. ಬೀಡು ಬಾಗುವುದೂ ಇಲ್ಲ, ಮುನ್ಸೂಚನೆ ಕೊಡುವುದೂ ಇಲ್ಲ, ಒಮ್ಮೆಗೇ ಒಡೆಯುತ್ತದೆ. ತೂತಿನ ಚೂಪು ಬಾಯಿ, ಮೇಲಿಂದ ಕ್ಲಚ್ಚಿನ ಕಾವು, ಎರಡೂ ಸೇರಿದರೆ ಬಿರುಕಿಗೆ ಬೇರೆ ಕಾರಣ ಬೇಡ. ಒಡೆದ ತುಂಡನ್ನು ತಡೆಯಲು ಫ್ಲೈವೀಲ್, ಕ್ಲಚ್ಚನ್ನು ಮುಚ್ಚುವ ಬೆಲ್ ಹೌಸಿಂಗಿನ ತೆಳು ಅಲ್ಯೂಮಿನಿಯಮ್‌ನಿಂದ ಆಗುವುದಿಲ್ಲ. ಎಂಜಿನ್ ಅಡ್ಡ ಕೂತ ಗಾಡಿಗಳಲ್ಲಿ ಫ್ಲೈವೀಲ್ ತಿರುಗುವ ಸಾಲಿನಲ್ಲೇ ಫೈರ್‌ವಾಲ್ (ಎಂಜಿನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ) ಬರುತ್ತದೆ, ಅದರ ಹಿಂದೆ ಮುಂದಿನ ಸೀಟಿನವರ ಕಾಲು.

ಕಂಪೆನಿ ಫ್ಲೈವೀಲನ್ನೇ ಲೇತಿಗೆ ಹಾಕಿಸಿ ಎರಡು ಕಿಲೋ ಕಡೆಸುವವರೂ ನಮ್ಮಲ್ಲಿ ಕಡಿಮೆ ಇಲ್ಲ. ಅದೂ ಹೆಚ್ಚಾಗಿ ಬೀಡೇ. ಅಪಾಯವೂ ಇದೇ. ಮಾಡಿಸಬೇಡಿ.

ಕ್ಲಚ್ ಜಾರಿದ್ದಕ್ಕೆ ಕಾರಣ ಬೇರೆ. ಕ್ಲಚ್ ಪ್ಲೇಟ್ ಒತ್ತುವ ಮುಖಕ್ಕೂ ಪ್ರೆಶರ್ ಪ್ಲೇಟಿನ ಬೋಲ್ಟ್ ಕೂರುವ ಮುಖಕ್ಕೂ ನಡುವಿನ ಎತ್ತರದ ವ್ಯತ್ಯಾಸಕ್ಕೆ ಸ್ಟೆಪ್ ಎನ್ನುತ್ತೇವೆ. ಡೆಪ್ತ್ ಗೇಜಿನಲ್ಲಿ ಅಳೆದರೆ ಇದರಲ್ಲಿ ಕಂಪೆನಿಯದಕ್ಕಿಂತ 0.7 ಮಿ.ಮೀ. ಆಳ ಜಾಸ್ತಿ. ಪ್ರೆಶರ್ ಪ್ಲೇಟನ್ನು ಒತ್ತುವ ಡಯಾಫ್ರಾಮ್ ಸ್ಪ್ರಿಂಗ್ ಅಷ್ಟು ಕಡಿಮೆ ಒತ್ತಿ ಕೂರುತ್ತದೆ, ಹಾಗಾಗಿ ಹೊಸ ಪ್ಲೇಟ್ ಹಾಕಿದ ದಿನವೇ ಅದು 0.7 ಮಿ.ಮೀ. ಸವೆದ ಪ್ಲೇಟಿನ ಲೆಕ್ಕ. ಇದಕ್ಕೆ ಇನ್ನೂ ಗಟ್ಟಿ ಪ್ರೆಶರ್ ಪ್ಲೇಟ್ ತಂದು ಹಾಕಿದರೆ ದುಡ್ಡೂ ಹೋಗುತ್ತದೆ, ಮೂಲ ತಪ್ಪೂ ಹಾಗೇ ಉಳಿಯುತ್ತದೆ. ಕ್ಲಚ್ ಮುಖವನ್ನು ಕಡೆಸುವಾಗಲೂ ಎಷ್ಟು ತೆಗೆಯುತ್ತೀರೋ ಅಷ್ಟೇ ಬೋಲ್ಟಿನ ಮುಖದಿಂದಲೂ ತೆಗೆಸಬೇಕು. ಹಲವರು ಮರೆಯುವುದು ಇದನ್ನೇ.

ಜುಮ್ಮೆನ್ನುತ್ತಿದ್ದದ್ದು ಬ್ಯಾಲೆನ್ಸ್ ತಪ್ಪಿದ್ದರಿಂದ. ಬ್ಯಾಲೆನ್ಸಿಂಗ್ ಮೆಷಿನ್ 310 ಗ್ರಾಂ-ಮಿ.ಮೀ. ತೋರಿಸಿತು. 3.4 ಕೆ.ಜಿ. ತೂಕ, 6,500 ಆರ್‌ಪಿಎಂಗೆ ಬ್ಯಾಲೆನ್ಸಿಂಗಿನ ಜಿ 6.3 ದರ್ಜೆ ಹಿಡಿದರೆ ಇರಬೇಕಾದದ್ದು 31ರ ಒಳಗೆ, ಅಂದರೆ ಇದರಲ್ಲಿ ಇದ್ದದ್ದು ಹತ್ತು ಪಟ್ಟು. ಆ ವೇಗದಲ್ಲಿ ಅದು ಕ್ರ್ಯಾಂಕಿನ ಹಿಂತುದಿಯನ್ನು ಸುಮಾರು 15 ಕಿಲೋ ಬಲದಲ್ಲಿ ಪ್ರತಿ ಸುತ್ತಿಗೂ ಎಳೆಯುತ್ತದೆ. ಹಿಂಬದಿ ಆಯಿಲ್ ಸೀಲಿನಿಂದ ಎಣ್ಣೆ ಒಸರಲು ಶುರುವಾಗಿಯೇ ಇತ್ತು.

ಇಷ್ಟೆಲ್ಲ ಮಾಡಿ ಸಿಕ್ಕುವ ಲಾಭ ಎಷ್ಟೆಂದು ಕೊಳ್ಳುವ ಮೊದಲೇ ಲೆಕ್ಕ ಹಾಕಿ. ಇಲ್ಲಿ ಜಡತ್ವ (ತಿರುಗುವ ವೇಗ ಬದಲಿಸಲು ಹೋದಾಗ ಫ್ಲೈವೀಲ್ ಒಡ್ಡುವ ತಡೆ) ಇಳಿದದ್ದು ಅಂದಾಜು 0.02 ಕೆ.ಜಿ.-ಚದರ ಮೀಟರ್. ಒಟ್ಟು ಅನುಪಾತ 14ರ ಆಸುಪಾಸು ಇರುವ (ಎಂಜಿನ್ 14 ಸುತ್ತಿಗೆ ಚಕ್ರ ಒಂದು ಸುತ್ತು) ಒಂದನೇ ಗೇರಿನಲ್ಲಿ ಅದು ಗಾಡಿಯಿಂದ 48 ಕೆ.ಜಿ. ಇಳಿಸಿದ ಹಾಗೆ. ಐದನೇ ಗೇರಿನಲ್ಲಿ? ಬರೀ 2 ಕೆ.ಜಿ. ಇನ್ನೊಂದು ಮಾತು, ತೂಕವನ್ನು ಎಲ್ಲಿಂದ ತೆಗೆದಿದ್ದಾರೆ ಎಂಬುದು ಎಷ್ಟು ತೆಗೆದರು ಎಂಬುದಕ್ಕಿಂತ ಮುಖ್ಯ. ಕೇಂದ್ರದಿಂದ 130 ಮಿ.ಮೀ. ದೂರದ ಒಂದು ಕಿಲೋ, 50 ಮಿ.ಮೀ. ದೂರದ ಒಂದು ಕಿಲೋಗಿಂತ ಸುಮಾರು ಏಳು ಪಟ್ಟು ಕೆಲಸ ಮಾಡುತ್ತದೆ. ಹಾಗಾಗಿ ಎರಡು ಫ್ಲೈವೀಲ್‌ಗಳನ್ನು ಬರೀ ತಕ್ಕಡಿಯಲ್ಲಿ ಹೋಲಿಸಿ ಪ್ರಯೋಜನವಿಲ್ಲ.

ನಮ್ಮ ರಸ್ತೆಯನ್ನೂ ನೋಡಬೇಕು. ಕುಂಬಳೆ, ಉಪ್ಪಳದ ಟ್ರಾಫಿಕ್ಕಿನಲ್ಲಿ ಎಸಿ ಹಾಕಿ ತೆವಳುವಾಗ ತೀರಾ ಹಗುರ ಫ್ಲೈವೀಲ್ ಇದ್ದರೆ ಐಡ್ಲಿಂಗ್ ಏರಿಳಿಯುತ್ತದೆ, ಎಂಜಿನ್ ಆಫ್ ಆಗುತ್ತದೆ. ರಾಣಿಪುರದ ಏರಿನಲ್ಲಿ ಗೇರ್ ಬದಲಿಸುವಷ್ಟರಲ್ಲಿ ಆರ್‌ಪಿಎಂ ಕುಸಿದಿರುತ್ತದೆ, ನಿಂತ ಗಾಡಿ ಎತ್ತಲು ಹೆಚ್ಚು ರೆವ್ ಕೊಟ್ಟು ಕ್ಲಚ್ ಸುಡುತ್ತೀರಿ. ದಿನಾ ಓಡಿಸುವ ಗಾಡಿಗೆ ಕಂಪೆನಿಯದಕ್ಕಿಂತ 20–25 ಶೇಕಡಾ ಹಗುರದ, ಒಂದೇ ಗಟ್ಟಿಯಿಂದ ಕಡೆದ ಇಎನ್19 ಸ್ಟೀಲ್ ಸಾಕು ಎನ್ನುವುದು ನಮ್ಮ ಅಭಿಪ್ರಾಯ. ಅಲ್ಯೂಮಿನಿಯಮ್ ಬಾಡಿಗೆ ಸ್ಟೀಲ್ ಮುಖ ಬೋಲ್ಟ್ ಮಾಡಿದ ಬಗೆಯದ್ದು ಟ್ರ್ಯಾಕಿಗೆ ಒಳ್ಳೆಯದು. ಆದರೆ ಕಾದಾಗ ಅಲ್ಯೂಮಿನಿಯಮ್ ಸ್ಟೀಲಿನ ಎರಡು ಪಟ್ಟು ಹಿಗ್ಗುತ್ತದೆ, ಪ್ರತಿ ಸಲ ಕ್ಲಚ್ ಇಳಿಸಿದಾಗಲೂ ಆ ಮುಖದ ಸ್ಕ್ರೂಗಳನ್ನು ನೋಡಲೇಬೇಕು. ಟರ್ಬೊ ಡೀಸೆಲ್‌ಗಳ ಡ್ಯುಯಲ್ ಮಾಸ್ (ಎರಡು ಭಾಗವಾಗಿದ್ದು ನಡುವೆ ಸ್ಪ್ರಿಂಗ್ ಇರುವ) ಫ್ಲೈವೀಲ್ ತೆಗೆದು ಸಾದಾದ್ದು ಹಾಕಿದರೆ ಅದರೊಳಗಿನ ಸ್ಪ್ರಿಂಗು ನುಂಗುತ್ತಿದ್ದ ಅದುರೆಲ್ಲ ನೇರ ಗೇರ್‌ಬಾಕ್ಸಿಗೆ ಹೋಗುತ್ತದೆ. ಸ್ಪ್ರಿಂಗ್ ಇರುವ ಕ್ಲಚ್ ಪ್ಲೇಟ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಲೇಬಾರದು.

ಮಾರುವವರ ಹತ್ತಿರ ಕೇಳಬೇಕಾದದ್ದು: ಲೋಹದ ಟೆಸ್ಟ್ ಸರ್ಟಿಫಿಕೇಟ್, ಹದ ಮಾಡಿದ ಗಡಸುತನ (ಇಎನ್19ಕ್ಕೆ 248ರಿಂದ 302 ಬ್ರಿನೆಲ್), ಬ್ಯಾಲೆನ್ಸಿಂಗ್ ಶೀಟ್, ಸ್ಟೆಪ್ಪಿನ ಅಳತೆ. ಹೊರಗಿನ ದೇಶದ್ದಾದರೆ ಎಸ್‌ಎಫ್‌ಐ 1.1 ಗುರುತು ಉಂಟೋ ನೋಡಿ, ಫ್ಲೈವೀಲ್ ಮತ್ತು ಕ್ಲಚ್ಚಿಗೆಂದೇ ಇರುವ ಸುರಕ್ಷೆಯ ಮಾನದಂಡ ಅದು. "ಇದೆಲ್ಲ ಯಾರೂ ಕೇಳುವುದಿಲ್ಲ ಅಣ್ಣ" ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡಿ. ರಿಂಗ್ ಗೇರಿನ (ಫ್ಲೈವೀಲಿನ ಅಂಚಿನಲ್ಲಿ ಸ್ಟಾರ್ಟರ್ ಕಚ್ಚುವ ಹಲ್ಲಿನ ಬಳೆ) ಹಲ್ಲು ಎಣಿಸಿ ಕಂಪೆನಿಯದಕ್ಕೆ ಹೋಲಿಸಿ. ಕೆಲವು ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಸೆನ್ಸರ್ ಓದುವುದೇ ಫ್ಲೈವೀಲಿನ ಹಲ್ಲುಗಳನ್ನು, ಅದು ಬೇರೆಯಾದರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ.

ಕೂರಿಸುವಾಗ ಕ್ರ್ಯಾಂಕಿನ ಮುಖವನ್ನೂ ಫ್ಲೈವೀಲಿನ ಹಿಂಬದಿಯನ್ನೂ ಬ್ರೇಕ್ ಕ್ಲೀನರಿನಿಂದ ಒರೆಸಿ, ಒಂದು ಚೂರು ತುಕ್ಕು ನಡುವೆ ಸಿಕ್ಕಿದರೂ ಅಂಚಿನಲ್ಲಿ ಓಲಾಟ ಬರುತ್ತದೆ. ಮಳೆಗಾಲದಲ್ಲಿ, ಅದೂ ಕಡಲ ಬದಿಯಲ್ಲಿ, ಪೆಟ್ಟಿಗೆಯಿಂದ ತೆಗೆದಿಟ್ಟ ಫ್ಲೈವೀಲಿಗೆ ಎರಡೇ ದಿನದಲ್ಲಿ ತುಕ್ಕು ಏರುತ್ತದೆ. ಬೋಲ್ಟ್ ಹೊಸತೇ ಹಾಕಿ. ಫ್ಲೈವೀಲಿನ ನಡುಭಾಗದ ದಪ್ಪ ಕಂಪೆನಿಯದರಷ್ಟಿಲ್ಲದಿದ್ದರೆ ಬೋಲ್ಟ್ ತಳ ಮುಟ್ಟಿ ಬಿಗಿಯಾದ ಹಾಗೆ ಕಾಣುತ್ತದೆ, ಆದರೆ ಫ್ಲೈವೀಲ್ ಸಡಿಲವೇ ಇರುತ್ತದೆ. ಹಾಗಾಗಿ ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಮೊದಲೇ ಅಳೆಯಿರಿ. ತೂತು ಕ್ರ್ಯಾಂಕ್‌ಕೇಸಿನ ಒಳಗೆ ತೆರೆಯುವಂತಿದ್ದರೆ ಬೋಲ್ಟಿಗೆ ಥ್ರೆಡ್‌ಲಾಕರ್ ಅಂಟು ಹಚ್ಚಿ. ಮ್ಯಾನುವಲ್ ಹೇಳಿದ ಟಾರ್ಕಿಗೆ, ಎದುರು ಬದುರಾಗಿ, ಮೂರು ಹಂತದಲ್ಲಿ ಬಿಗಿಯಿರಿ. ಆಮೇಲೆ ಡಯಲ್ ಗೇಜ್ ಇಟ್ಟು, ಕ್ರ್ಯಾಂಕನ್ನು ಒಂದೇ ಕಡೆಗೆ ಒತ್ತಿ ಹಿಡಿದು ತಿರುಗಿಸಿ. ಓಲಾಟ ನಾವು ಒಪ್ಪುವುದು 0.1 ಮಿ.ಮೀ.ವರೆಗೆ, ಈ ಗಾಡಿಯದ್ದು 0.28 ಇತ್ತು. ಗೇರ್‌ಬಾಕ್ಸ್ ಹೇಗೂ ಕೆಳಗೆ ಬಂದಿರುವಾಗ ಹಿಂಬದಿ ಆಯಿಲ್ ಸೀಲನ್ನೂ ಬದಲಿಸಿಬಿಡಿ.

ಹಗುರ ಫ್ಲೈವೀಲ್ ಹಾಕಿಸಿದ ಗಾಡಿ ಈಗಾಗಲೇ ಓಡಿಸುತ್ತಾ ಇದ್ದು, ಅದು ಎಂಥ ಲೋಹದ್ದು ಎಂಬುದಕ್ಕೆ ಕಾಗದ ಇಲ್ಲದಿದ್ದರೆ, ಮುಂದಿನ ಕ್ಲಚ್ ಕೆಲಸದವರೆಗೆ ಕಾಯಬೇಡಿ. ಇಳಿಸಿ ಡೈ ಪೆನಿಟ್ರಂಟ್ ಮಾಡಿಸಿ, ಅಲ್ಲಿವರೆಗೆ 4,000 ಆರ್‌ಪಿಎಂ ದಾಟಿಸಬೇಡಿ. ಬಿರುಕು ಕಂಡ ಫ್ಲೈವೀಲನ್ನು ವೆಲ್ಡ್ ಮಾಡಿಸುವ ಯೋಚನೆ ಬೇಡವೇ ಬೇಡ. ಗುಜರಿಗೆ ಹಾಕುವ ಮೊದಲು ಗ್ರೈಂಡರಿನಲ್ಲಿ ಎರಡು ಹೋಳು ಮಾಡಿ. ಇಡಿಯಾಗಿ ಕೊಟ್ಟರೆ ತೊಳೆದು, ಕಪ್ಪು ಪೇಂಟ್ ಹೊಡೆದು, ಅದೇ ಇನ್ನೊಬ್ಬರ ಗಾಡಿಗೆ ಸೆಕೆಂಡ್‌ ಹ್ಯಾಂಡ್ ಎಂದು ಹೋಗುತ್ತದೆ.