ಸೊಂಟಕ್ಕೆ ಕಟ್ಟಿಕೊಂಡ ಕರೆಂಟ್ ಡಬ್ಬಿ: ಎಂಟು ತಿಂಗಳು ಟೆನ್ಸ್ ಮಿಷನ್ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಚರ್ಮಕ್ಕೆ ಪ್ಯಾಡ್ ಅಂಟಿಸಿ ಸಣ್ಣಗೆ ಕರೆಂಟ್ ಕೊಟ್ಟು ನೋವು ತಡೆಯುವ ಈ ಟೆನ್ಸ್ ಮಿಷನ್ ನನ್ನ ಸೊಂಟ ನೋವನ್ನ ವಾಸಿ ಮಾಡಿಲ್ಲ. ಆದರೂ ಇದನ್ನ ಯಾರಿಗೂ ಮಾರುವುದಿಲ್ಲ, ಎರಡು ದಿನಕ್ಕೆ ಅಂತ ಕೇಳಿದರೂ ಕೊಡುವುದಿಲ್ಲ.

ನಾನು ಮಂಡ್ಯದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುವವಳು. 19 ವರ್ಷ ಆಯ್ತು. ಕಟಿಂಗ್ ಮಾಡೋದು ನೆಲದ ಮೇಲೆ ಬಗ್ಗಿ, ಹೊಲಿಯೋದು ಬೆನ್ನು ಗೂನು ಮಾಡಿ, ಹೆಮ್ಮಿಂಗ್ ಹಾಕೋದು ಕುತ್ತಿಗೆ ಇಳಿಬಿಟ್ಟು. ಇಷ್ಟು ವರ್ಷ ಸುಮ್ಮನಿದ್ದ ಸೊಂಟ ಹೋದ ವರ್ಷ ಗೌರಿ ಹಬ್ಬಕ್ಕೆ ಒಂದು ವಾರ ಇರುವಾಗ, 30 ಬ್ಲೌಸ್ ಬಾಕಿ ಇರುವಾಗ, ಬಟ್ಟೆ ಬಕೆಟ್ ಎತ್ತಲು ಬಗ್ಗಿದೆ ನೋಡಿ, ಅಲ್ಲೇ ಹಿಡಿದುಕೊಂಡಿತು. ಮೇಲೆ ಏಳೋಕೂ ಆಗಲಿಲ್ಲ, ಕೂರೋಕೂ ಆಗಲಿಲ್ಲ. ಅತ್ತೆ ಬಂದು ಬಕೆಟ್ ತೆಗೆದರು, ನನ್ನನ್ನ ಯಾರು ತೆಗೀತಾರೆ?

ಡಾಕ್ಟರ್ ಎಕ್ಸ್‌ರೇ ತೆಗೆಸಿದರು, ಮಾತ್ರೆ ಕೊಟ್ಟರು, ಫಿಸಿಯೋಗೆ ಹೋಗಿ ಅಂದರು. ನಾದಿನಿ ಮನೆ ಮೈಸೂರಲ್ಲಿ ಇರೋದರಿಂದ ಅಲ್ಲೇ ಒಬ್ಬರ ಹತ್ತಿರ ಹೋದೆ. ಹತ್ತು ಸಿಟ್ಟಿಂಗ್, ಒಂದಕ್ಕೆ 350 ರೂಪಾಯಿ. ಐಎಫ್‌ಟಿ ಅಂತ ಸೊಂಟಕ್ಕೆ ನಾಲ್ಕು ಪ್ಯಾಡ್ ಇಟ್ಟು ಕರೆಂಟ್ ಕೊಡುತ್ತಿದ್ದರು, ಆಮೇಲೆ ವ್ಯಾಯಾಮ. ಕರೆಂಟ್ ಕೊಟ್ಟಾಗ ಸ್ವರ್ಗ. ಆದರೆ ಸಂಜೆ ಪ್ಯಾಸೆಂಜರ್ ರೈಲಲ್ಲಿ ಆ ಗಟ್ಟಿ ಸೀಟ್ ಮೇಲೆ ಕೂತು ಬರುವಾಗ, ಪಾಂಡವಪುರ ದಾಟುವಷ್ಟರಲ್ಲಿ ನೋವೂ ಹತ್ತಿಕೊಂಡು ಪಕ್ಕದಲ್ಲಿ ಕೂತಿರುತ್ತಿತ್ತು. ಫಿಸಿಯೋ ಮೇಡಂಗೆ ಇದನ್ನ ಹೇಳಿದಾಗ ಅವರೇ ಹೇಳಿದರು, ವ್ಯಾಯಾಮ ಮನೆಯಲ್ಲಿ ಬಿಡದೆ ಮಾಡಿ, ನೋವು ತಡೆಯೋಕೆ ಒಂದು ಟೆನ್ಸ್ ಮಿಷನ್ ತಗೊಳ್ಳಿ, ಸುಮ್ನೆ ಇದಕ್ಕಾಗಿ ಓಡಾಡಬೇಡಿ ಅಂತ. ಅವರಿಗೆ ಬರುವ ದುಡ್ಡು ಅವರೇ ಬೇಡ ಅಂದಿದ್ದು ನೋಡಿ ನಂಬಿಕೆ ಬಂತು. ಐಎಫ್‌ಟಿ, ಟೆನ್ಸ್ ಎರಡೂ ಒಂದೇ ಅಲ್ಲ. ಐಎಫ್‌ಟಿಯಲ್ಲಿ 4000 ಹರ್ಟ್ಸ್ ಆಸುಪಾಸಿನ (ಅಂದರೆ ಸೆಕೆಂಡಿಗೆ ಸುಮಾರು 4000 ಸಲ ಮಿಡಿಯುವ) ಎರಡು ಕರೆಂಟ್ ಒಳಗೆ ಒಂದಕ್ಕೊಂದು ಅಡ್ಡ ಹಾಯುತ್ತವೆ, ಟೆನ್ಸ್‌ನಲ್ಲಿ ಸಣ್ಣ ಸಣ್ಣ ಮಿಡಿತಗಳು ಚರ್ಮದಿಂದ ನರಕ್ಕೆ ಹೋಗುತ್ತವೆ.

ಆನ್‌ಲೈನ್‌ನಲ್ಲಿ 2,150 ರೂಪಾಯಿಗೆ ತರಿಸಿದೆ. ಕಂಪನಿ ಹೆಸರು ಬರೆಯಲ್ಲ, ಬರೆದೂ ಪ್ರಯೋಜನ ಇಲ್ಲ, ಅದೇ ಬಿಳಿ ಡಬ್ಬಿ ಮೂರು ಬೇರೆ ಹೆಸರಲ್ಲಿ ಬರುತ್ತದೆ. ಅಂಗೈಯಷ್ಟು ಇದೆ, ಚಾರ್ಜ್ ಮಾಡಬಹುದು, ಎರಡು ಚಾನೆಲ್ (ಕರೆಂಟ್ ಹೋಗುವ ಎರಡು ಬೇರೆ ಬೇರೆ ದಾರಿ), ನಾಲ್ಕು ಪ್ಯಾಡ್. ಮೊದಲು ಬಂದ ಪೀಸ್‌ನಲ್ಲಿ ಒಂದು ಚಾನೆಲ್ ಸತ್ತಿತ್ತು. ಫೋನ್ ಮಾಡಿದರೆ "ಪ್ಯಾಡ್ ಸರಿ ಅಂಟಿಸಿ ಮೇಡಂ" ಅಂತಾರೆ, ವಿಡಿಯೋ ಕಳಿಸಿ ಅಂತಾರೆ, ಸತ್ತ ಚಾನೆಲ್‌ನ ವಿಡಿಯೋದಲ್ಲಿ ಏನು ಕಾಣುತ್ತೆ, ನನ್ನ ಸೊಂಟ ಕಾಣುತ್ತೆ ಅಷ್ಟೇ. ಕೊನೆಗೆ ಅತ್ತೆಯ ಕೈಗೆ ಅಂಟಿಸಿ, ಒಂದು ಕೈಯ ಬೆರಳು ಕುಣಿಯೋದು, ಇನ್ನೊಂದು ಕೈ ತೆಪ್ಪಗಿರೋದು ತೋರಿಸಿದ ಮೇಲೆ ಬದಲಾಯಿಸಿ ಕೊಟ್ಟರು. 12 ದಿನ ಹೋಯಿತು. ಜೊತೆಗೆ ಬಂದ ಪುಸ್ತಕದಲ್ಲಿ ಒಂದಕ್ಷರ ಕನ್ನಡ ಇಲ್ಲ. 24 ಮೋಡ್ ಅಂತ ದೊಡ್ಡದಾಗಿ ಬರೆದಿದ್ದಾರೆ, ಅದರಲ್ಲಿ ಅರ್ಧ ಮಸಾಜ್ ಹೆಸರಲ್ಲಿ ಸ್ನಾಯು ಕುಣಿಸುವ ಮೋಡ್‌ಗಳು. ನೋವಿಗೆ ನನಗೆ ಬೇಕಾಗಿರೋದು ಎರಡೇ.

ಆ ಎರಡು ಯಾವುದು ಅಂದರೆ, ಒಂದು 80ರಿಂದ 100 ಹರ್ಟ್ಸ್‌ನದು, ಇನ್ನೊಂದು 2ರಿಂದ 10 ಹರ್ಟ್ಸ್ ಒಳಗಿನದು. ಮೊದಲನೆಯದು ಇಟ್ಟರೆ ಇರುವೆ ಸಾಲು ಹರಿದ ಹಾಗೆ ಜುಮು ಜುಮು ಅನ್ನುತ್ತದೆ, ಸ್ನಾಯು ಅಲ್ಲಾಡುವುದಿಲ್ಲ. ಎರಡನೆಯದು ಟಕ್ ಟಕ್ ಅಂತ ಒಳಗಿನಿಂದ ಯಾರೋ ಬಾಗಿಲು ಬಡಿದ ಹಾಗೆ. ಇದು ಹೇಗೆ ಕೆಲಸ ಮಾಡುತ್ತದೆ ಅಂತ ಮೇಡಂ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಅದರಲ್ಲಿ ಗೇಟ್ ಬರುತ್ತದೆ. ಮೊಣಕೈ ಬಾಗಿಲಿಗೆ ಬಡಿದರೆ ತಕ್ಷಣ ಉಜ್ಜಿಕೊಳ್ಳುತ್ತೇವೆ ಅಲ್ವಾ? ಉಜ್ಜಿದರೆ ನೋವು ಯಾಕೆ ಕಡಿಮೆ ಆಗಬೇಕು? ಮುಟ್ಟಿದ್ದನ್ನ ಹೇಳುವ ನರದ ಎಳೆಗಳು ದಪ್ಪ, ಅದರಲ್ಲಿ ಸುದ್ದಿ ಬೇಗ ಓಡುತ್ತದೆ. ನೋವಿನ ಎಳೆಗಳು ಸಣ್ಣ, ನಿಧಾನ. ಬೆನ್ನುಹುರಿಯಲ್ಲಿ ಒಂದು ಗೇಟ್ ಇದೆ, ಮುಟ್ಟಿದ ಸುದ್ದಿ ಜಾಸ್ತಿ ಬಂದರೆ ನೋವಿಗೆ ಗೇಟ್ ಹಾಕುತ್ತದೆ ಅಂತ 1965ರಲ್ಲಿ ರೊನಾಲ್ಡ್ ಮೆಲ್ಜಾಕ್, ಪ್ಯಾಟ್ರಿಕ್ ವಾಲ್ ಅನ್ನೋ ಇಬ್ಬರು ಬರೆದರು. ರೈಲ್ವೆ ಗೇಟ್ ಹಾಕಿದಾಗ ಆಚೆ ಕಡೆ ಕಬ್ಬಿನ ಗಾಡಿ ನಿಂತೇ ಇರುತ್ತದೆ, ಗೇಟ್ ತೆಗೆದ ಕೂಡಲೇ ಬರುತ್ತದೆ. ನನ್ನ ನೋವೂ ಹಾಗೇ. ಮಿಷನ್ ಆನ್ ಇರುವಾಗ ಹತ್ತರಲ್ಲಿ ಏಳು ಇದ್ದದ್ದು ಮೂರಕ್ಕೆ ಇಳಿಯುತ್ತದೆ. ಆಫ್ ಮಾಡಿದ ಮೇಲೆ ಅರ್ಧ ಗಂಟೆ, ಒಳ್ಳೆ ದಿನ ಇದ್ದರೆ ಎರಡು ಗಂಟೆ. ನಿಧಾನದ ಟಕ್ ಟಕ್ ಮೋಡ್‌ನಲ್ಲಿ ದೇಹವೇ ಎಂಡಾರ್ಫಿನ್ ಅನ್ನೋ ತನ್ನ ನೋವಿನ ಮದ್ದನ್ನ ಬಿಡುತ್ತದಂತೆ, ಅದರ ಪರಿಣಾಮ ಸ್ವಲ್ಪ ಹೊತ್ತು ಜಾಸ್ತಿ ಉಳಿಯುತ್ತದೆ ಅಂತಾರೆ. ನನಗೂ ಹಾಗೇ ಅನಿಸಿದೆ, ಆದರೆ ಆ ಬಡಿತ ಅತ್ತೆಗೆ ಆಗಿಬರಲಿಲ್ಲ. "ಇದೇನವ್ವ, ಎಮ್ಮೆ ಒದ್ದಂಗೆ ಒದೀತದೆ" ಅಂತ ಕಿತ್ತು ಹಾಕಿದರು.

ಈಗ ಪ್ಯಾಡ್ ವಿಷಯ. ಮಿಷನ್ ಕೊಳ್ಳುವಾಗ ಯಾರೂ ಇದನ್ನ ಹೇಳುವುದಿಲ್ಲ. ನಿಜವಾದ ಖರ್ಚು ಅದರಲ್ಲೇ ಇರೋದು. ನಾಲ್ಕು ಪ್ಯಾಡ್ ಸೆಟ್ 380 ರೂಪಾಯಿ. ನನ್ನ ಕೈಯಲ್ಲಿ ಒಂದು ಸೆಟ್ 25 ಸಲ ಬರುತ್ತದೆ, ಅಂದರೆ ಸಲಕ್ಕೆ 15 ರೂಪಾಯಿ, ಹೋಟೆಲ್‌ನಲ್ಲಿ ಒಂದು ಕಾಫಿ ದುಡ್ಡು. ಮೊದಲ ಸೆಟ್ ಎಂಟೇ ಸಲಕ್ಕೆ ಸತ್ತಿತು, ಯಾಕೆಂದರೆ ನಾನು ಕೊಬ್ಬರಿ ಎಣ್ಣೆ ತಿಕ್ಕಿಸಿಕೊಂಡ ಸೊಂಟದ ಮೇಲೇ ಅಂಟಿಸುತ್ತಿದ್ದೆ. ನಮ್ಮ ಕಡೆ ನೋವು ಅಂದರೆ ಮೊದಲು ಎಣ್ಣೆ ತಾನೆ? ಎಣ್ಣೆ ಇದ್ದರೆ ಜೆಲ್ ಹಿಡಿಯಲ್ಲ. ಸೋಪು ಹಾಕಿ ತೊಳೆದು, ಚೆನ್ನಾಗಿ ಒರೆಸಿ, ಆಮೇಲೆ ಅಂಟಿಸಬೇಕು. ನೋವಿನ ಮುಲಾಮು ಹಚ್ಚಿದ ಮೇಲಂತೂ ಬೇಡವೇ ಬೇಡ, ಚರ್ಮ ಕೆಂಪಾಗಿ ಉರಿಯುತ್ತದೆ, ನನಗೆ ಒಂದು ಸಲ ಆಗಿದೆ. ಪ್ಯಾಡ್ ಒಂದು ಮೂಲೆಯಲ್ಲಿ ಎದ್ದಿದ್ದರೂ ಕಷ್ಟ, ಇಡೀ ಪ್ಯಾಡ್‌ನಲ್ಲಿ ಹರಡಬೇಕಾದ ಕರೆಂಟ್ ಅಂಟಿರುವ ಅಷ್ಟೇ ಜಾಗಕ್ಕೆ ನುಗ್ಗಿ ಸೂಜಿ ಚುಚ್ಚಿದ ಹಾಗೆ ಆಗುತ್ತದೆ. ಬೇಸಿಗೆಯಲ್ಲಿ ಬೆವರಿಗೆ ಜಾರುತ್ತದೆ, ಫ್ಯಾನ್ ಕೆಳಗೆ ಕೂರಬೇಕು. ಒಣಗಿದ ಪ್ಯಾಡ್‌ಗೆ ಬೆರಳ ತುದಿಯಲ್ಲಿ ಒಂದು ಹನಿ ನೀರು ಸವರಿದರೆ ಇನ್ನೂ ನಾಲ್ಕೈದು ಸಲ ಬರುತ್ತದೆ. ತೆಗೆದ ಮೇಲೆ ಆ ಪ್ಲಾಸ್ಟಿಕ್ ಹಾಳೆಗೇ ವಾಪಸ್ ಅಂಟಿಸಿ, ಬಿಸಾಕಬೇಡಿ.

ಇನ್ನೊಂದು ತೊಂದರೆ, ಸೊಂಟಕ್ಕೆ ನಾವೇ ಅಂಟಿಸಿಕೊಳ್ಳೋಕೆ ಆಗಲ್ಲ. ಕನ್ನಡಿ ನೋಡಿಕೊಂಡು ಹಿಂದಕ್ಕೆ ಕೈ ತಿರುಗಿಸಿದರೆ ಅದಕ್ಕೇ ನೋವು ಹಿಡಿಯುತ್ತದೆ. ಬೆನ್ನುಮೂಳೆಯ ಮೇಲೆ ಅಲ್ಲ, ಅದರ ಎರಡೂ ಪಕ್ಕ ನೋವಿರುವ ಜಾಗದ ಸುತ್ತ ಇಡಬೇಕು. ಯಜಮಾನರು ಕೆಲಸಕ್ಕೆ ಹೋದ ಮೇಲೆ ಇದು ಅತ್ತೆಯ ಡ್ಯೂಟಿ. ಅವರಿಗೆ ಮೊದಲು ಭಯ ಇತ್ತು. "ಕರೆಂಟ್ ಅಲ್ವೇನವ್ವ, ಏನಾರ ಆಗ್ಬುಟ್ರೆ?" ಅಂತ ಪ್ಯಾಡ್ ಅಂಟಿಸಿ ಎರಡು ಮಾರು ದೂರ ಹೋಗಿ ನಿಲ್ಲುತ್ತಿದ್ದರು. ಈಗ ಅವರ ಮೊಣಕಾಲಿಗೂ ದಿನಾ 20 ನಿಮಿಷ ಬೇಕು. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇನೆ ಅಂತ ಇದರ ಧೈರ್ಯದ ಮೇಲೆ ಹೊರಟಿದ್ದರು, ಸಾವಿರ ಮೆಟ್ಟಿಲು ಅತ್ತೆ, ನೋವು ಕಾಣಿಸದಿದ್ದರೆ ಮಂಡಿ ಸವೆಯೋದು ನಿಲ್ಲುತ್ತಾ ಅಂತ ಬಸ್ಸಲ್ಲೇ ಕಳಿಸಿದೆ.

ಒಂದು ತಪ್ಪು ನಾನೂ ಮಾಡಿದ್ದೇನೆ. ಮಿಷನ್ ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆ ಓಡಾಟ ಎಲ್ಲ ಮಾಡಬಹುದು, ಮಾಡುತ್ತೇನೆ. ಅದೇ ಧೈರ್ಯದಲ್ಲಿ ಹೊಲಿಗೆಗೂ ಕೂತೆ. ವೈರಿನ ಪಿನ್ ಸ್ವಲ್ಪ ಸಡಿಲ ಇತ್ತು, ಕರೆಂಟ್ ಬರ್ತಿಲ್ಲ ಅಂತ ಒಂದೆರಡು ಪಾಯಿಂಟ್ ಜಾಸ್ತಿ ಮಾಡಿದೆ, ಸ್ವಲ್ಪ ಅಲ್ಲಾಡಿದಾಗ ಪಿನ್ ಮತ್ತೆ ಕೂತಿತು, ಒಂದೇ ಸಲಕ್ಕೆ ಜಗ್ಗಿದ ಹಾಗೆ ಆಗಿ ಕಾಲು ಮೋಟರ್ ಪೆಡಲ್ ಮೇಲೆ ಬಿತ್ತು. ಕಂಕುಳ ಹೊಲಿಗೆ ಸೀದಾ ತೋಳಿನ ಮಧ್ಯಕ್ಕೆ ಓಡಿತು. ರೇಷ್ಮೆ ಬ್ಲೌಸ್, ಸೂಜಿ ತೂತು ಬಿದ್ದರೆ ಹೋಗಲ್ಲ. ಬೆರಳು ಉಳಿದದ್ದೇ ಪುಣ್ಯ. ಎರಡೂ ತೋಳಿಗೆ ಲೇಸ್ ಹಾಕಿ ಮುಚ್ಚಿದೆ, ಲೇಸ್ ದುಡ್ಡು ನನ್ನದೇ. (ಆ ಡಿಸೈನ್ ಚೆನ್ನಾಗಿದೆ ಅಂತ ಇಬ್ಬರು ಕೇಳಿಕೊಂಡು ಬಂದರು, ಅದು ಬೇರೆ ಮಾತು.) ಮೇಡಂಗೆ ಹೇಳಿದರೆ ಚೆನ್ನಾಗಿ ಬೈದರು. ಗಾಡಿ ಓಡಿಸುವಾಗ, ಹೊಲಿಗೆ ಮಿಷನ್ ಮುಂದೆ, ಸ್ನಾನ ಮಾಡುವಾಗ, ನಿದ್ದೆ ಮಾಡುವಾಗ ಹಾಕಬಾರದು. ಸೊನ್ನೆಯಿಂದ ಶುರು ಮಾಡಬೇಕು, ಪ್ಯಾಡ್ ಕೀಳುವ ಮೊದಲು ಆಫ್ ಮಾಡಬೇಕು.

ಯಾರು ಹಾಕಲೇಬಾರದು ಅನ್ನೋದು ನಮ್ಮ ಮನೆಯಲ್ಲೇ ಜಗಳ ಆದ ವಿಷಯ. ಮಾವನಿಗೆ ಮೂರು ವರ್ಷದ ಹಿಂದೆ ಮೈಸೂರಿನ ಜಯದೇವದಲ್ಲಿ ಪೇಸ್‌ಮೇಕರ್ ಹಾಕಿದ್ದಾರೆ. ಹೆಂಡತಿ ಮಂಡಿಗೆ ಹಾಕಿಕೊಂಡು ಆರಾಮಾಗಿ ಕೂತಿರೋದು ನೋಡಿ "ನನ್ ಭುಜಕ್ಕೂ ಒಂಚೂರು ಮಡಗವ್ವ" ಅಂದರು. ಆಗಲ್ಲ ಮಾವ, ಎದೆಯಲ್ಲಿರುವ ಮಿಷನ್ ಈ ಮಿಷನ್‌ನ ಮಿಡಿತವನ್ನ ಹೃದಯದ್ದು ಅಂತ ತಪ್ಪು ತಿಳಿಯಬಹುದು ಅಂದೆ. ಎರಡು ದಿನ ಮಾತಾಡಲಿಲ್ಲ. ಬಸುರಿಯರು, ಫಿಟ್ಸ್ ಇರುವವರು, ಕ್ಯಾನ್ಸರ್ ಇರುವ ಅಥವಾ ರಕ್ತ ಹೆಪ್ಪುಗಟ್ಟಿದ ಜಾಗ ಇರುವವರು ಡಾಕ್ಟರನ್ನ ಕೇಳದೆ ಮುಟ್ಟಬೇಡಿ. ಕತ್ತಿನ ಮುಂಭಾಗ, ಕಣ್ಣಿನ ಮೇಲೆ, ಗಾಯದ ಮೇಲೆ ಯಾರಿಗೂ ಬೇಡ. ಶುಗರ್‌ನಿಂದ ಪಾದ ಜೋಮು ಹಿಡಿದವರೂ ಹುಷಾರು, ಚರ್ಮಕ್ಕೆ ಗೊತ್ತಾಗದಿದ್ದರೆ ಎಷ್ಟು ಜಾಸ್ತಿ ಇಟ್ಟಿದ್ದೀವಿ ಅಂತಲೂ ಗೊತ್ತಾಗಲ್ಲ.

ಇದು ನಿಜವಾಗಿ ಕೆಲಸ ಮಾಡುತ್ತಾ ಇಲ್ಲ ಮನಸ್ಸಿನ ಭ್ರಮೆಯಾ ಅಂತ ಮಗ ಕೇಳಿದ, ಅವನೇ ಹುಡುಕಿ ಓದಿ ಹೇಳಿದ. ಬ್ರಿಟನ್‌ನಲ್ಲಿ ಚಿಕಿತ್ಸೆ ಹೇಗಿರಬೇಕು ಅಂತ ಹೇಳುವ ನೈಸ್ ಸಂಸ್ಥೆ 2016ರಲ್ಲಿ ಸೊಂಟ ನೋವಿಗೆ ಟೆನ್ಸ್ ಕೊಡಬೇಡಿ ಅಂದಿದೆ. 2022ರಲ್ಲಿ 381 ಪ್ರಯೋಗಗಳನ್ನ ಒಟ್ಟಿಗೆ ನೋಡಿದವರು, ಹಾಕಿಕೊಂಡಿರುವಾಗ ಮತ್ತೆ ತೆಗೆದ ಕೂಡಲೇ ಕರೆಂಟ್ ಬಿಡದ ಸುಳ್ಳು ಮಿಷನ್‌ಗಿಂತ ನೋವು ಕಡಿಮೆ ಇರುತ್ತದೆ ಅಂದಿದ್ದಾರೆ. ಎರಡನ್ನೂ ಕೇಳಿ ನನಗೆ ಆಶ್ಚರ್ಯ ಆಗಲಿಲ್ಲ. ಇದರಿಂದ ಸೊಂಟ ಸರಿಹೋಗಲಿಲ್ಲ, ಆದರೆ ಹಾಕಿಕೊಂಡಾಗ ಮಾಡಿದ ವ್ಯಾಯಾಮದಿಂದ ಸರಿಹೋಗುತ್ತಾ ಇದೆ. ಮೊದಲು ಸೇತುಬಂಧ ಆಸನಕ್ಕೆ ಸೊಂಟ ಎತ್ತಿದರೆ ಕಣ್ಣೀರು ಬರುತ್ತಿತ್ತು. ಈಗ ಗೇಟ್ ಹಾಕಿರುವ ಆ 20 ನಿಮಿಷದಲ್ಲೇ ಮಾಡಿ ಮುಗಿಸುತ್ತೇನೆ. ಹಾಕಿಕೊಂಡು ಸುಮ್ನೆ ಟಿವಿ ನೋಡುವವರಿಗೆ 2,150 ದಂಡ.

ದಿನಾ ಒಂದೇ ಸೆಟ್ಟಿಂಗ್ ಇಟ್ಟರೆ ದೇಹಕ್ಕೆ ಅಭ್ಯಾಸ ಆಗಿ ಏನೂ ಅನಿಸೋದಿಲ್ಲ, ನನಗೆ ಐದನೇ ದಿನಕ್ಕೇ ಹಾಗಾಯ್ತು. ಬದಲಾಯಿಸುತ್ತಾ ಇರಿ. ಇನ್ನೊಂದು ಬೇಜಾರಿನ ಸುದ್ದಿ, ಕೆಫೀನ್ ತಗೊಂಡವರಲ್ಲಿ ಟೆನ್ಸ್‌ನ ಪರಿಣಾಮ ಕಡಿಮೆಯಾಯ್ತು ಅಂತ 1995ರ ಒಂದು ಸಣ್ಣ ಪ್ರಯೋಗದಲ್ಲಿ ಬಂದಿದೆಯಂತೆ. ಮಗ ಇದನ್ನ ಓದುವಾಗ ನನ್ನ ಕೈಯಲ್ಲಿ ಲೋಟ ಇತ್ತು. ಕಾಫಿ ಬಿಡಲ್ಲ. ಮಿಷನ್ ಹಾಕಿ ತೆಗೆದ ಮೇಲೆ ಕುಡಿಯುತ್ತೇನೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ವೈರಿನ ಪಿನ್‌ಗೆ ಅರ್ಧ, ಆ 12 ದಿನದ ಫೋನಿಗೆ ಅರ್ಧ, ಕನ್ನಡ ಇಲ್ಲದ ಪುಸ್ತಕಕ್ಕೆ ಅರ್ಧ ಕಳೆದಿದ್ದೇನೆ. ನೋವು ಕಾಲಿಗಿಳಿದು ಮರಗಟ್ಟಿದ್ದರೆ ಮಿಷನ್ ಅಲ್ಲ, ಮೊದಲು ಡಾಕ್ಟರ್.

ಮಾವನ ಮುನಿಸು ಹೋಗಿದೆ. ಅವರಿಗೆ ಈಗ ಲೆಕ್ಕದ ಕೆಲಸ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್‌ನಲ್ಲೇ ಪ್ಯಾಡ್ ಅಂಟಿಸಿದ ದಿನಕ್ಕೆಲ್ಲ ಒಂದು ಗೀಟು ಎಳೆಯುತ್ತಾರೆ. ನಿನ್ನೆ 27 ಆಗಿತ್ತು, ಹೊಸ ಸೆಟ್ ಆರ್ಡರ್ ಮಾಡಲಾ ಅಂದೆ. ಪ್ಯಾಡ್ ಕೈಗೆ ತಗೊಂಡು ಬೆರಳಿಂದ ಒತ್ತಿ ನೋಡಿ "ಇನ್ನೂ ಅಂಟ್ತದೆ ಕಣವ್ವ, ಈಗ್ಲೇ ಬ್ಯಾಡ" ಅಂದರು.